ಹಾಜರಿ ಪುಸ್ತಕವೂ ಮೊಬೈಲೂ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ಸಂದುದು ಕನ್ನಡಿಗರು ಅಭಿಮಾನದಿಂದ ನೆನೆಯುವ ಸಂಗತಿ. ಆ ಕಾಲದಲ್ಲಿ ಒಬ್ಬ ಅಧ್ಯಾಪಕರ ಮಾತು ತರಗತಿಯ ಗೋಡೆಯನ್ನು ದಾಟಿ ಊರಿಗೆ ಕೇಳಿಸಬೇಕಾದರೆ ಅದಕ್ಕೊಂದು ಪ್ರೇಷಕ ಯಂತ್ರ ಬೇಕಾಗಿತ್ತು. ಅದನ್ನು ನಡೆಸಬಲ್ಲ ಜಾಣ್ಮೆ ಬೇಕಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆಡುವ ಮಾತನ್ನು ಮೊದಲೇ ಬರೆದು, ಓದಿ, ತಿದ್ದಿಕೊಳ್ಳುವ ಸಂಯಮ ಬೇಕಾಗಿತ್ತು. ಬಾನುಲಿಯಲ್ಲಿ ಒಮ್ಮೆ ಹೊರಟ ಮಾತನ್ನು ಹಿಂದಕ್ಕೆ ಕರೆಯಲು ಬರುವುದಿಲ್ಲವೆಂಬ ಅರಿವೇ ಆ ಸಂಯಮಕ್ಕೆ ಮೂಲ.

ಇಂದು ಬೆಳಗಾದರೆ ದಾವಣಗೆರೆಯಿಂದ ಹರಿಹರಕ್ಕೂ ಹರಿಹರದಿಂದ ದಾವಣಗೆರೆಗೂ ಬಸ್ಸು ಹತ್ತುವ ಶಿಕ್ಷಕ ಶಿಕ್ಷಕಿಯರ ಕೈಚೀಲದಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ, ಆ ಹಳೆಯ ಪ್ರೇಷಕಕ್ಕಿಂತ ಬಲವಾದ ಯಂತ್ರವೊಂದು ತಣ್ಣಗೆ ಕುಳಿತಿರುತ್ತದೆ. ಅದು ಮಾತನ್ನು ಒಯ್ಯುತ್ತದೆ, ಚಿತ್ರವನ್ನು ಒಯ್ಯುತ್ತದೆ, ಒಂದು ಶಾಲೆಯ ಸಮಸ್ತ ದಾಖಲೆಯನ್ನೂ ಒಯ್ಯುತ್ತದೆ. ಯಂತ್ರ ಎಲ್ಲರ ಕೈಗೂ ಬಂತು. ಅದರೊಡನೆ ಬರಬೇಕಾಗಿದ್ದ ಸಂಯಮ ಬಂದಿದೆಯೇ ಎಂಬುದು ಇಂದು ನಾವು ವಿಚಾರಿಸಬೇಕಾದ ಪ್ರಶ್ನೆ. ಈ ಪ್ರಶ್ನೆ ಶಿಕ್ಷಕರಿಗೆ ಮಾತ್ರ ಸೇರಿದ್ದಲ್ಲ. ಕಚೇರಿಯ ಗುಮಾಸ್ತರು, ಗ್ರಂಥಪಾಲಕರು, ಶಾಲಾ ವಾಹನದ ಚಾಲಕರು, ಬಿಸಿಯೂಟದ ತಾಯಂದಿರು, ಹೀಗೆ ಮಕ್ಕಳ ನಡುವೆ ದಿನ ಕಳೆಯುವ ಎಲ್ಲರಿಗೂ ಸೇರಿದ್ದು.

ಹಿಂದಿನ ಶಾಲೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳೋಣ. ಹಾಜರಿ ಪುಸ್ತಕ, ಅಂಕಗಳ ವಹಿ, ದಾಖಲಾತಿ ಪುಸ್ತಕ ಇವೆಲ್ಲ ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿ ಇರುತ್ತಿದ್ದುವು. ಬೀರುವಿಗೆ ಬೀಗ, ಬೀಗಕ್ಕೆ ಒಂದು ಕೀಲಿಕೈ, ಕೀಲಿಕೈಗೆ ಒಬ್ಬ ಹೊಣೆಗಾರ. ಯಾವ ಮಗುವಿನ ತಂದೆ ತೀರಿಕೊಂಡಿದ್ದಾರೆ, ಯಾರ ಜಾತಿ ಯಾವುದು, ಯಾರಿಗೆ ಮೂರ್ಛೆರೋಗವಿದೆ, ಯಾರು ಶುಲ್ಕ ಕಟ್ಟಿಲ್ಲ ಎಂಬುದೆಲ್ಲ ಆ ಪುಸ್ತಕಗಳಲ್ಲಿ ಇದ್ದರೂ ಶಾಲೆಯ ಹೊಸಲು ದಾಟುತ್ತಿರಲಿಲ್ಲ. ಈಗ ಅದೇ ವಿವರ ಗಣಕದಲ್ಲಿ ಇದೆ, ಮೊಬೈಲಿನಲ್ಲಿ ಇದೆ, ವಿದ್ಯಾರ್ಥಿಗಳ ಸಾಧನೆಯನ್ನು ದಾಖಲಿಸುವ ಸರ್ಕಾರದ 'ಸ್ಯಾಟ್ಸ್' ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಒಂದೊಂದು ಸಂಖ್ಯೆಯಾಗಿ ಇದೆ. ಇದರಿಂದ ಅನುಕೂಲವಾಗಿಲ್ಲವೆಂದು ಹೇಳಲಾಗದು. ಆದರೆ ಬೀರು ಹೋಯಿತೆಂದು ಕೀಲಿಕೈಯ ಹೊಣೆಯೂ ಹೋಯಿತೆಂದು ತಿಳಿಯುವಂತಿಲ್ಲ.

ಈ ಯಂತ್ರ ಶಾಲೆಯೊಳಗೆ ಹೀಗೆ ಒಮ್ಮೆಲೇ ನುಗ್ಗಿದ್ದು 2020ರ ಮಹಾಮಾರಿಯ ಕಾಲದಲ್ಲಿ. ಶಾಲೆಗಳ ಬಾಗಿಲು ಮುಚ್ಚಿತ್ತು. ಆಗಸ್ಟಿನಲ್ಲಿ ಆರಂಭವಾದ 'ವಿದ್ಯಾಗಮ'ದಲ್ಲಿ ಶಿಕ್ಷಕರು ಗುಡಿಯ ಜಗುಲಿ, ಮರದ ನೆರಳುಗಳನ್ನೇ ಶಾಲೆ ಮಾಡಿಕೊಂಡರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದುವು. ಉಳಿದುದೆಲ್ಲ ಮೊಬೈಲಿನ ಪಾಲಾಯಿತು. ಚಿಕ್ಕ ತರಗತಿಗಳ ಮಕ್ಕಳನ್ನು ಎಷ್ಟು ಹೊತ್ತು ತೆರೆಯ ಮುಂದೆ ಕೂರಿಸಬಹುದೆಂಬ ಚರ್ಚೆ ಎದ್ದಾಗ ಕೇಂದ್ರ ಸಚಿವಾಲಯವು 2020ರ ಜುಲೈನಲ್ಲಿ 'ಪ್ರಜ್ಞಾತಾ' ಎಂಬ ಮಾರ್ಗಸೂಚಿಯನ್ನು ಹೊರಡಿಸಿ, 1ರಿಂದ 8ನೆಯ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಪಾಠಗಳು, 9ರಿಂದ 12ರವರೆಗೆ ಅಷ್ಟೇ ಅವಧಿಯ ನಾಲ್ಕು ಪಾಠಗಳು ಮೀರಬಾರದೆಂದು ಸೂಚಿಸಿತು. ಕಷ್ಟಕಾಲದಲ್ಲಿ ಮೊಬೈಲು ಆಸರೆಯಾಯಿತು, ನಿಜ. ಆದರೆ ಆ ಅವಸರದಲ್ಲಿ ಕಟ್ಟಿಕೊಂಡ ಗುಂಪುಗಳು, ಕೊಟ್ಟ ನಂಬರುಗಳು, ರೂಢಿಯಾದ ಸಲಿಗೆಗಳು ಮಹಾಮಾರಿ ಹೋದಮೇಲೂ ಹಾಗೆಯೇ ಉಳಿದುವು. ಆಗ ಮಾಡಲು ಬಿಡುವಿಲ್ಲದ ವಿವೇಚನೆಯನ್ನು ಈಗ ಮಾಡಬೇಕಾಗಿದೆ.

ಮೊದಲನೆಯದಾಗಿ ಚಿತ್ರಗಳ ವಿಚಾರ. 2021ರ ಡಿಸೆಂಬರ್ ತಿಂಗಳಲ್ಲಿ ನಮ್ಮ ದಾವಣಗೆರೆ ಜಿಲ್ಲೆಯದೇ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕೆಲವು ವಿದ್ಯಾರ್ಥಿಗಳು ಪಾಠ ಮಾಡುತ್ತಿದ್ದ ಶಿಕ್ಷಕರ ತಲೆಯ ಮೇಲೆ ಕಸದ ಬುಟ್ಟಿಯನ್ನಿಟ್ಟು ಅವಮಾನಿಸಿದ ದೃಶ್ಯ ಮೊಬೈಲಿನಲ್ಲಿ ಸೆರೆಯಾಗಿ, ಕೆಲವೇ ದಿನಗಳಲ್ಲಿ ನಾಡಿನ ಉದ್ದಗಲಕ್ಕೂ ಹರಡಿತು. ಆ ಊರಿನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಇಲ್ಲಿ ಬೇಕೆಂದೇ ಎತ್ತುತ್ತಿಲ್ಲ. ಅಂದು ಕನಿಕರದಿಂದ ಹಂಚಿದವರೂ, ಕೋಪದಿಂದ ಹಂಚಿದವರೂ, ತಮಾಷೆಗೆಂದು ಹಂಚಿದವರೂ ಇದ್ದರು. ಫಲ ಮಾತ್ರ ಒಂದೇ. ತರಗತಿಯಲ್ಲಿ ಒಮ್ಮೆ ಆದ ಅವಮಾನ ಆ ಗುರುಗಳಿಗೆ ಪ್ರತಿ ಮೊಬೈಲಿನಲ್ಲಿಯೂ ಮತ್ತೊಮ್ಮೆ ಆಯಿತು. ತಪ್ಪು ಮಾಡಿದ ಹುಡುಗರ ಮುಖಗಳೂ ಊರೂರು ತಿರುಗಿದುವು. ತಪ್ಪಿಗೆ ತಿದ್ದುಪಡಿ ಬೇಕು, ಸರಿ. ಹದಿಹರೆಯದ ಒಂದು ದಿನದ ದುಷ್ಟತನ ಬಾಳಿನುದ್ದಕ್ಕೂ ಹಣೆಪಟ್ಟಿಯಾಗಿ ಅಂಟಬೇಕೆಂದು ಯಾವ ಗುರುವೂ ಬಯಸಲಾರ. ಇಂಥ ದೃಶ್ಯವೊಂದು ಶಾಲಾ ಸಿಬ್ಬಂದಿಯ ಕೈಗೆ ಬಂದಾಗ ಮಾಡಬೇಕಾದ ಕೆಲಸ ಒಂದೇ: ಅದನ್ನು ಮುಂದಕ್ಕೆ ಕಳುಹಿಸದೆ, ಮುಖ್ಯೋಪಾಧ್ಯಾಯರ ಗಮನಕ್ಕೆ ತಂದು, ತನ್ನಲ್ಲಿಯೇ ನಿಲ್ಲಿಸುವುದು.

ಕೆಟ್ಟ ಚಿತ್ರಗಳಷ್ಟೇ ಅಲ್ಲ, ಒಳ್ಳೆಯ ಚಿತ್ರಗಳ ವಿಷಯದಲ್ಲಿಯೂ ಎಚ್ಚರ ಬೇಕು. ಮೊಟ್ಟೆ ಹಂಚಿದ್ದಕ್ಕೆ ಒಂದು ಚಿತ್ರ, ಸಮವಸ್ತ್ರ ಕೊಟ್ಟಿದ್ದಕ್ಕೆ ಒಂದು ಚಿತ್ರ, ದಾನಿಗಳು ಬಂದುದಕ್ಕೆ ಮತ್ತೊಂದು; ಇಂದಿನ ಶಾಲೆಯಲ್ಲಿ ಚಿತ್ರವೇ ಸಾಕ್ಷಿ. ಸಾಕ್ಷಿಯನ್ನು ಕೇಳಿದ ಕಚೇರಿಗೆ ಕಳುಹಿಸುವುದು ಕರ್ತವ್ಯ. ಅದೇ ಚಿತ್ರವನ್ನು ಮಗುವಿನ ಹೆಸರು, ತರಗತಿಗಳ ಸಮೇತ ತನ್ನ ಸ್ವಂತ ಫೇಸ್‌ಬುಕ್ಕಿನಲ್ಲಿ ಹಾಕುವುದು ಕರ್ತವ್ಯವಲ್ಲ. ದಾನ ಪಡೆಯುತ್ತಿರುವ ಮಗುವಿನ ಚಾಚಿದ ಕೈಯನ್ನು ಊರಿಗೆಲ್ಲ ತೋರಿಸುವ ಮೊದಲು ಆ ಮಗುವಿನ ತಾಯಿಗೆ ಅದು ಹೇಗೆ ಕಂಡೀತೆಂದು ಒಂದು ಕ್ಷಣ ಯೋಚಿಸಬೇಕು.

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. ತುಂಗಭದ್ರೆಯ ದಡದ ಆ ಗುಡಿಯಲ್ಲಿ ನಿಂತಿರುವ ಶಾಸನಗಳನ್ನು ಅನೇಕರು ನೋಡಿರಬಹುದು. ಶಾಸನವನ್ನು ಬರೆಸಿದವನಿಗೆ ಅದು ಉಳಿಯಬೇಕೆಂಬ ಆಸೆಯಿತ್ತು; ದತ್ತಿಯನ್ನು ಕೆಡಿಸಿದವನಿಗೆ ಪಾಪ ತಟ್ಟಲೆಂದು ಶಾಪಾಶಯದ ಸಾಲುಗಳನ್ನು ಕೊನೆಯಲ್ಲಿ ಕೆತ್ತಿಸುವುದು ನಮ್ಮ ಶಾಸನಗಳ ಸಂಪ್ರದಾಯ. ಇಂದಿನ ಅಂತರಜಾಲವೂ ಒಂದು ಬಗೆಯ ಶಿಲೆಯೇ. ಆದರೆ ಅದರ ಮೇಲೆ ತನ್ನ ಹೆಸರು, ಮುಖಗಳನ್ನು ಕೆತ್ತಿರೆಂದು ಐದನೆಯ ತರಗತಿಯ ಮಗು ಯಾರನ್ನೂ ಕೇಳಿಕೊಂಡಿಲ್ಲ. ಅಂದಿನವರಿಗೆ ಅಳಿಸದಿರುವುದು ಧರ್ಮವಾಗಿತ್ತು. ಇಂದಿನವರಿಗೆ ಅಳಿಸಿಕೊಳ್ಳುವುದೇ ಒಂದು ಹಕ್ಕಾಗಿದೆ.

ಹಕ್ಕು ಎಂಬ ಮಾತನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅದರಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನವು ಕಾಪಾಡುವ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮುಂದೆ 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದೇ ಒಂದು ಕಾನೂನನ್ನು ಅಂಗೀಕರಿಸಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿ, ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಯಿತು. ಈ ಕಾನೂನಿನ ದೃಷ್ಟಿಯಲ್ಲಿ 18 ವರ್ಷ ತುಂಬದವರೆಲ್ಲರೂ ಮಕ್ಕಳೇ. ಅವರ ವಿವರಗಳನ್ನು ಬಳಸಲು ತಂದೆತಾಯಿಗಳ ಖಚಿತವಾದ ಒಪ್ಪಿಗೆ ಬೇಕು. ತಮ್ಮ ವಿವರವನ್ನು ತಿದ್ದಿಸುವ, ಅಳಿಸಿಸುವ ಅವಕಾಶವೂ ಇದರಲ್ಲಿದೆ. ಬೋಧನೆ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದ ಮಟ್ಟಿಗೆ ಶಾಲೆಗಳಿಗೆ ಕೆಲವು ವಿನಾಯಿತಿಗಳಿವೆ. ಮಕ್ಕಳಿಗೆ ಸಂಬಂಧಿಸಿದ ಹೊಣೆಯನ್ನು ಮುರಿದರೆ ದಂಡ 200 ಕೋಟಿ ರೂಪಾಯಿಗಳವರೆಗೆ ಹೋಗಬಹುದೆಂದರೆ ಶಾಸಕರು ಈ ವಿಷಯವನ್ನು ಎಷ್ಟು ಗಂಭೀರವಾಗಿ ಎಣಿಸಿದ್ದಾರೆಂಬುದು ಸ್ಪಷ್ಟವಾಗುತ್ತದೆ.

ಎರಡನೆಯದು ಮಾತಿನ ವಿಚಾರ. ತರಗತಿಗೊಂದು ವಾಟ್ಸಾಪ್ ಗುಂಪು ಈಗ ಸಾಮಾನ್ಯ. ರಜೆಯ ಸೂಚನೆ, ಪರೀಕ್ಷೆಯ ವೇಳಾಪಟ್ಟಿಗಳಿಗೆ ಅದು ಉತ್ತಮ ಸಾಧನ. ಆದರೆ ಶುಲ್ಕ ಬಾಕಿ ಇರುವವರ ಪಟ್ಟಿ, ಕಡಿಮೆ ಅಂಕ ಬಂದವರ ಪಟ್ಟಿ, ಯಾವುದೋ ಮಗುವಿನ ಕಾಯಿಲೆಯ ಸುದ್ದಿ ಇವು ಅಲ್ಲಿ ಬಂದರೆ, ಒಂದು ಮನೆಯ ಕಷ್ಟವನ್ನು ನಲವತ್ತು ಮನೆಗಳ ಬಾಗಿಲಿಗೆ ಅಂಟಿಸಿದಂತೆ. ಅಂಥ ಮಾತನ್ನು ಪೋಷಕರೊಬ್ಬರನ್ನೇ ಕರೆದು ಹೇಳಬೇಕು. ಹಾಗೆಯೇ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ನಡುವಿನ ಖಾಸಗಿ ಸಂದೇಶ. ರಾತ್ರಿ ಹತ್ತು ಗಂಟೆಗೆ ಒಬ್ಬ ವಿದ್ಯಾರ್ಥಿನಿಗೆ ಹೋದ ಸಂದೇಶ ಲೆಕ್ಕದ ಪ್ರಶ್ನೆಯದೇ ಆಗಿದ್ದರೂ ಅದಕ್ಕೆ ಸಾಕ್ಷಿಗಳಿಲ್ಲ. ಬಾಗಿಲು ತೆರೆದ ಕೋಣೆಯಲ್ಲಿ ಮಾತ್ರ ಮಗುವಿನೊಡನೆ ಮಾತನಾಡುವುದು ಹಿಂದಿನ ಗುರುಗಳು ಪಾಲಿಸಿದ ಮರ್ಯಾದೆ. ಮೊಬೈಲಿನಲ್ಲಿಯೂ ಬಾಗಿಲು ತೆರೆದಿರಲಿ: ಮಾತು ಪೋಷಕರಿರುವ ಗುಂಪಿನಲ್ಲಿ ಅಥವಾ ಶಾಲೆಯ ನಂಬರಿನಿಂದ, ಶಾಲೆಯ ವೇಳೆಯಲ್ಲಿ ನಡೆಯಲಿ. ಇದು ಮಗುವನ್ನು ಕಾಯುತ್ತದೆ. ನಿರ್ದೋಷಿಯಾದ ಶಿಕ್ಷಕರನ್ನು ಅಪವಾದದಿಂದಲೂ ಕಾಯುತ್ತದೆ.

ಮೂರನೆಯದು ಕೀಲಿಕೈ, ಅಂದರೆ ಗುಪ್ತಪದ. ಶಾಲೆಯ ಗುಪ್ತಪದವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು, ಎಲ್ಲ ಸಿಬ್ಬಂದಿಗೂ ಒಂದನ್ನೇ ಇಟ್ಟುಕೊಳ್ಳುವುದು, ಜೆರಾಕ್ಸ್ ಅಂಗಡಿಯ ಗಣಕದಲ್ಲಿ ಅಂಕಪಟ್ಟಿಯನ್ನು ತೆರೆದು ಮುಚ್ಚದೆ ಬರುವುದು ಇವೆಲ್ಲ ಬೀರುವಿನ ಬಾಗಿಲನ್ನು ಹಾರುಹೊಡೆದು ಮನೆಗೆ ಹೋದಂತೆಯೇ. ಯಾರೋ ಅಧಿಕಾರಿಯ ದನಿಯಲ್ಲಿ ಕರೆ ಮಾಡಿ, ವೇತನ ನಿಲ್ಲುತ್ತದೆಂದು ಹೆದರಿಸಿ ಒ.ಟಿ.ಪಿ. ಕೇಳಿದರೆ ಅದು ಕಳ್ಳನ ಕರೆಯೆಂದೇ ತಿಳಿಯಬೇಕು. ಅವಸರಪಡಿಸುವುದೇ ವಂಚಕನ ಮೊದಲ ಗುರುತು. ಹಣ ಹೋದದ್ದು ತಿಳಿದೊಡನೆ ನಾಚಿಕೆಪಡದೆ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುವೆ ತಡೆಹಿಡಿಯುವ ಸಂಭವ ಹೆಚ್ಚು.

ಸ್ವಂತ ಎಚ್ಚರವೊಂದೇ ಸಾಲದೆಂಬುದಕ್ಕೂ ನಿದರ್ಶನವಿದೆ. ದೇಶದ ಶಿಕ್ಷಕರೂ ಮಕ್ಕಳೂ ಬಳಸುವ 'ದೀಕ್ಷಾ' ಎಂಬ ಸರ್ಕಾರಿ ಕಲಿಕಾ ವೇದಿಕೆಯ ದತ್ತಾಂಶ ಸಂಗ್ರಹವೊಂದು ರಕ್ಷಣೆಯಿಲ್ಲದೆ ತೆರೆದುಕೊಂಡಿತ್ತೆಂದೂ, ಅದರಲ್ಲಿ 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ದೂರವಾಣಿ ಸಂಖ್ಯೆಗಳೂ ಸುಮಾರು 6 ಲಕ್ಷ ವಿದ್ಯಾರ್ಥಿಗಳ ವಿವರಗಳೂ ಇದ್ದುವೆಂದೂ 2023ರ ಜನವರಿಯಲ್ಲಿ ವರದಿಯಾಯಿತು. ಹೀಗಿರುವಾಗ ಹೊಸದಾಗಿ ಬಂದ ಯಾವುದೋ ಆ್ಯಪನ್ನು, ಉಚಿತವೆಂಬ ಒಂದೇ ಕಾರಣಕ್ಕೆ, ಇಡೀ ತರಗತಿಯ ಹೆಸರು ನಂಬರುಗಳೊಡನೆ ಸ್ವೀಕರಿಸುವುದು ಉಚಿತವಲ್ಲ. ಈಗ ಪ್ರಶ್ನೆಪತ್ರಿಕೆಗೂ ಪಾಠಯೋಜನೆಗೂ ಕೃತಕ ಬುದ್ಧಿಮತ್ತೆಯ ನೆರವು ಪಡೆಯುವವರಿದ್ದಾರೆ. ಪಡೆಯಲಿ; ಆದರೆ ಅದು ಕೊಟ್ಟ ಉತ್ತರವನ್ನು ವಿದ್ಯಾರ್ಥಿಯ ಉತ್ತರಪತ್ರಿಕೆಯಂತೆ ತಿದ್ದಿಯೇ ಬಳಸಬೇಕು, ಮಕ್ಕಳ ಹೆಸರನ್ನೂ ಮನೆಯ ಸಂಗತಿಗಳನ್ನೂ ಅದರ ಮುಂದೆ ಬಿಚ್ಚಬಾರದು.

ಇನ್ನು, ಮಗುವೊಂದು ಮೊಬೈಲಿನ ಮೂಲಕ ಪೀಡನೆಗೆ ಒಳಗಾದುದು ತಿಳಿದಾಗ. ಶಾಲೆಯ ಹೆಸರು ಕೆಟ್ಟೀತೆಂದು ಮುಚ್ಚಿಡುವ ಪ್ರವೃತ್ತಿ ನಮ್ಮಲ್ಲಿ ಹಳೆಯದು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯಿದೆ, ಅಂದರೆ ಪೋಕ್ಸೋ, ಇದಕ್ಕೆ ಅವಕಾಶ ಕೊಡುವುದಿಲ್ಲ. ಅಂಥ ಅಪರಾಧ ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಆ ಮಗುವಿನ ಗುರುತನ್ನು ಬಹಿರಂಗಪಡಿಸುವುದೂ ಅಪರಾಧ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ತೆರೆದಿರುತ್ತದೆ. ಮಗುವಿಗೆ ಬೈಯದೆ, ಸಾಕ್ಷ್ಯವಾಗಬಲ್ಲ ಸಂದೇಶಗಳನ್ನು ಅಳಿಸದೆ, ಅವನ್ನು ಯಾರಿಗೂ ಹಂಚದೆ ಸಂಬಂಧಪಟ್ಟವರಿಗೆ ಒಪ್ಪಿಸುವುದು ಸಿಬ್ಬಂದಿಯ ಧರ್ಮ. ಸಂಕಟದಲ್ಲಿರುವ ಮಗು ಮೊದಲು ಬಾಯಿ ಬಿಡುವುದು ಮುಖ್ಯೋಪಾಧ್ಯಾಯರ ಮುಂದೆಯೇ ಎಂದೇನಿಲ್ಲ. ಅನ್ನ ಬಡಿಸುವ ಅಮ್ಮನ ಮುಂದೆ, ಬಸ್ಸಿನ ಚಾಲಕಣ್ಣನ ಮುಂದೆ ಅದು ಅತ್ತೀತು. ಆದ್ದರಿಂದಲೇ ಈ ಸಂಖ್ಯೆಗಳೂ ಈ ಕ್ರಮವೂ ಅವರಿಗೂ ತಿಳಿದಿರಬೇಕು.

ಇಷ್ಟೆಲ್ಲವನ್ನೂ ಶಿಕ್ಷಕರ ತಲೆಗೇ ಕಟ್ಟುವುದು ನ್ಯಾಯವಲ್ಲ. ಸ್ವಂತ ಹಣದಿಂದ ಕೊಂಡ ಮೊಬೈಲಿನಲ್ಲಿ, ಸ್ವಂತ ನಂಬರಿನಲ್ಲಿ, ಮನೆಯ ಬಿಡುವಿನಲ್ಲಿ ಶಾಲೆಯ ಕೆಲಸವನ್ನು ಮಾಡುತ್ತಿರುವವರು ಅವರು. ವಿದ್ಯಾನಗರಿಯೆಂದು ಹೆಸರಾದ ದಾವಣಗೆರೆಯ ದೊಡ್ಡ ಸಂಸ್ಥೆಗಳೂ, ಹರಿಹರದ ಓಣಿಯ ಸಣ್ಣ ಶಾಲೆಗಳೂ ತಮ್ಮ ತಮ್ಮ ಮಟ್ಟಿಗೆ ಒಂದು ಹಾಳೆಯಷ್ಟು ನಿಯಮಗಳನ್ನು ಬರೆದು, ಸಿಬ್ಬಂದಿಯ ಸಭೆಯಲ್ಲಿ ಓದಿ, ಒಪ್ಪಿಕೊಳ್ಳಬಹುದು. ಶಾಲೆಗೊಂದು ಪ್ರತ್ಯೇಕ ನಂಬರು, ಚಿತ್ರಗಳಿಗೆ ಪೋಷಕರ ಲಿಖಿತ ಒಪ್ಪಿಗೆ, ವರ್ಷ ಮುಗಿದ ಗುಂಪುಗಳ ವಿಸರ್ಜನೆ, ಸಂಜೆಯ ಮೇಲೆ ಸಂದೇಶಗಳಿಗೆ ವಿರಾಮ. ಇವಕ್ಕೆ ಹೆಚ್ಚು ಹಣ ಬೇಕಿಲ್ಲ, ಮನಸ್ಸು ಬೇಕು.

ಮಕ್ಕಳು ನಾವು ಹೇಳಿದ್ದನ್ನು ಕಲಿಯುವುದಕ್ಕಿಂತ ನಾವು ಮಾಡಿದ್ದನ್ನು ಬೇಗ ಕಲಿಯುತ್ತಾರೆ. ಪಾಠದ ನಡುವೆ ಮೊಬೈಲಿಗೆ ಕಣ್ಣು ಹಾಯಿಸದ ಗುರು, ಚಿತ್ರ ತೆಗೆಯುವ ಮುನ್ನ 'ತೆಗೆಯಲೇನಮ್ಮಾ?' ಎಂದು ಮಗುವನ್ನೇ ಕೇಳುವ ಶಿಕ್ಷಕಿ, ಬೇರೆ ಭಾಷಣವನ್ನೇ ಮಾಡಬೇಕಾಗಿಲ್ಲ. ತನ್ನನ್ನು ಕೇಳಿಯೇ ತನ್ನ ಚಿತ್ರ ತೆಗೆದರೆಂಬುದನ್ನು ಕಂಡ ಮಗು, ನಾಳೆ ಇನ್ನೊಬ್ಬರ ಕಡೆಗೆ ಮೊಬೈಲನ್ನು ಎತ್ತುವ ಮುನ್ನ ಕೇಳಲು ಕಲಿತಿರುತ್ತದೆ.