ಕಾಡಂಚಿನ ದನ, ಕಾಡಿನ ಆರೋಗ್ಯ

ಸಂರಕ್ಷಿತ ಪ್ರದೇಶದಲ್ಲಿ ದನ ಮೇಯಬೇಕೇ ಎಂಬ ಪ್ರಶ್ನೆಗೆ ಉತ್ತರವು ನೆಲದಿಂದ ನೆಲಕ್ಕೆ ಬೇರೆಯಾಗುತ್ತದೆ. ಬ್ರಿಟನ್ನಿನಲ್ಲಿ ‘ಹೀತ್’ ಎಂದು ಕರೆಯುವ, ಸತ್ವಹೀನ ಹುಳಿಮಣ್ಣಿನಲ್ಲಿ ಗಿಡ್ಡ ಪೊದೆಗಳು ಹಬ್ಬಿದ ಬಯಲುಗಳು ಶತಮಾನಗಳ ಮೇಯಿಸುವಿಕೆಯಿಂದಲೇ ಬಯಲಾಗಿ ಉಳಿದಿವೆ. ಮೇಯುವುದು ನಿಂತರೆ ಬರ್ಚ್, ಪೈನ್ ಸಸಿಗಳೆದ್ದು ಅವು ಕಾಡಾಗುವುದರಿಂದ, ಸಂರಕ್ಷಕರೇ ಅಲ್ಲಿ ದನ ಬಿಡುತ್ತಾರೆ. ಸ್ವಯಂಸೇವಕರು ಸರದಿಯಂತೆ ಹೋಗಿ ತಲೆ ಎಣಿಸಿ, ಕುಂಟುವ ಅಥವಾ ಗುಂಪಿನಿಂದ ದೂರ ನಿಂತ ದನವನ್ನು ಗುರುತಿಸಿ ಬರುತ್ತಾರೆ. ಕರ್ನಾಟಕದ ಬಂಡೀಪುರ ಕಾಡಿನ ಅಂಚಿನ ಗುಂಡ್ಲುಪೇಟೆ ಸೀಮೆಯಲ್ಲಿ ದನ ಕಾಡಿಗೆ ನುಗ್ಗುವುದು ಕಾಡಿನ ಅಗತ್ಯಕ್ಕಲ್ಲ, ಊರಿನ ಅಗತ್ಯಕ್ಕೆ. ಆದರೆ ದನದ ಮೇಲೆ ಕಣ್ಣಿಡುವ ಕೆಲಸ ಇಲ್ಲಿಯೂ ಕಾಡನ್ನು ಕಾಯುವ ಕೆಲಸವೇ ಆಗಿದೆ.

ಪಶ್ಚಿಮಘಟ್ಟದ ಮಳೆ ನೆರಳಿನಲ್ಲಿರುವ ಈ ತಾಲ್ಲೂಕಿನಲ್ಲಿ ಮಳೆಯಾಶ್ರಿತ ಬೇಸಾಯಕ್ಕೆ ದನವೇ ಆಸರೆ. ಪರಿಸರ ವಿಜ್ಞಾನಿ ಎಂ.ಡಿ. ಮಧುಸೂದನ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ದನ ಸಾಕುವುದಕ್ಕೆ ಇನ್ನೊಂದು ಕಾರಣವನ್ನೂ ತೋರಿಸಿತು: ಕಾಫಿ ಬೆಲೆ ಏರಿದಾಗ ತೋಟಗಳಲ್ಲಿ ಗೊಬ್ಬರಕ್ಕೆ ಬೇಡಿಕೆ ಹೆಚ್ಚಿ, ಬಂಡೀಪುರದ ಅಂಚಿನ ಊರುಗಳಲ್ಲಿ ಸಗಣಿಯೇ ಮಾರಾಟದ ಸರಕಾಯಿತು. ಹೀಗೆ ಕಾಡಿನ ಹುಲ್ಲು ದನದ ಹೊಟ್ಟೆಯ ಮೂಲಕ ಹಾದು ಕಾಫಿ ತೋಟ ಸೇರುತ್ತದೆ, ಕಾಟಿ ಮತ್ತು ಜಿಂಕೆಗಳಿಗೆ ಉಳಿಯುವ ಮೇವು ಅಷ್ಟರಮಟ್ಟಿಗೆ ತಗ್ಗುತ್ತದೆ.

ಮೇವಿನ ಕೊರತೆಗಿಂತ ವೇಗವಾಗಿ ಹರಡುವುದು ರೋಗ. 1968ರಲ್ಲಿ ಜಾನುವಾರುಗಳ ಮಾರಕ ಪಿಡುಗಾದ ರಿಂಡರ್‌ಪೆಸ್ಟ್ ಬಂಡೀಪುರ ಮತ್ತು ಮುದುಮಲೈ ಕಾಡುಗಳ ಕಾಟಿಗಳನ್ನು ಅಪಾರ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡಿತು. ಆ ರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಣೆಯಾಯಿತಾದರೂ ಕಾಲುಬಾಯಿ ಜ್ವರದಂಥವು ಉಳಿದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ರಾಷ್ಟ್ರೀಯ ಉದ್ಯಾನದೊಳಗೆ ಮೇಯಿಸುವುದನ್ನು ಪೂರ್ತಿ ನಿಷೇಧಿಸಿದ್ದಲ್ಲದೆ, ತಿದ್ದುಪಡಿಯ ಮೂಲಕ ಸೇರಿಸಿದ 33ಎ ಕಲಮಿನಲ್ಲಿ ಅಭಯಾರಣ್ಯದ ಸುತ್ತಲಿನ 5 ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕೆಂದು ವಿಧಿಸಿದೆ. ಮಂಕಾದ, ಮೆಲುಕು ಹಾಕದ, ಜೊಲ್ಲು ಸುರಿಸುವ ದನವನ್ನು ಮೊದಲು ಕಾಣುವವನು ಅದನ್ನು ಮೇಯಿಸುವವನೇ ಆದ್ದರಿಂದ, ಕಾಯ್ದೆಯ ಉದ್ದೇಶ ಈಡೇರುವುದು ಅವನ ಕಣ್ಣಿನ ಮೂಲಕ.

ಮೂರನೆಯ ಅಪಾಯ ವಿಷ. 2025ರ ಜೂನ್‌ನಲ್ಲಿ ಗುಂಡ್ಲುಪೇಟೆ ಇರುವ ಜಿಲ್ಲೆಯದೇ ಆದ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ, ವಿಷ ಬೆರೆತ ಹಸುವಿನ ಕಳೇಬರ ತಿಂದು ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತವು. ಹುಲಿಯ ಬಾಯಿಗೆ ದನ ಕಳೆದುಕೊಂಡವನ ಸಿಟ್ಟು ಕಳೇಬರಕ್ಕೆ ವಿಷವಾಗಿ ಇಳಿಯುವ ಮೊದಲೇ ಅವನನ್ನು ತಲುಪುವುದು ಇಲ್ಲಿನ ಮುಖ್ಯ ಉಪಾಯ. ಸರ್ಕಾರದ ಪರಿಹಾರಕ್ಕೆ ತಪಾಸಣೆ, ದಾಖಲೆಗಳು ಬೇಕಾಗಿ ದಿನಗಳು ಹಿಡಿಯುವುದರಿಂದ, ಬಂಡೀಪುರದ ಅಂಚಿನಲ್ಲಿ ಮಾರಿಯಮ್ಮ ಚಾರಿಟಬಲ್ ಟ್ರಸ್ಟ್‌ನಂತಹ ಸಂಸ್ಥೆ ಹುಲಿ, ಚಿರತೆ ಹಿಡಿದ ದನದ ಸ್ಥಳಕ್ಕೆ ಹೋಗಿ ಪರಿಶೀಲಿಸಿ ಒಡೆಯನಿಗೆ ನೆರವು ಕೊಡುತ್ತ ಬಂದಿದೆ. ಈ ಏರ್ಪಾಡಿನ ಮೊದಲ ಮೆಟ್ಟಿಲು ಮಾತ್ರ ಊರಿನಲ್ಲೇ ಇದೆ: ಸಂಜೆ ಕೊಟ್ಟಿಗೆಯಲ್ಲಿ ಒಂದು ತಲೆ ಕಡಿಮೆಯಾದದ್ದು ಅಂದೇ ತಿಳಿದರೆ, ಮರುದಿನ ಕಳೇಬರದ ಬಳಿಗೆ ಮೊದಲು ತಲುಪುವುದು ವಿಷದ ಬದಲು ನೆರವಿನ ಕೈ.