ಆಟ ನಿಂತ ಮೇಲೂ ಆಟ

ಶಿಕಾರಿಪುರ, ಸೊರಬದ ಕಡೆ ಶಾಲಾ ಮೈದಾನದಲ್ಲಿ ಕಬಡ್ಡಿ ಆಡಿ ಮಣ್ಣು ಮೆತ್ತಿಕೊಂಡು ಬರುವ ಹುಡುಗನಿಗೆ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: 'ಆಟ ಮುಗಿದ ಮೇಲೆ ಹೊಟ್ಟೆಗೇನು?' ಹೆತ್ತವರ ಈ ಆತಂಕ ಸುಳ್ಳಲ್ಲ. ಮೊಣಕಾಲು, ಉಸಿರು ಎರಡೂ ಗಟ್ಟಿಯಾಗಿರುವ ವರ್ಷಗಳು ಕಡಿಮೆ.

ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಅವರನ್ನು ನೋಡಿ. ಭಾರತ ತಂಡದಲ್ಲಿ ಆಡಿ, 2001ರ ಅರ್ಜುನ ಪ್ರಶಸ್ತಿ ಪಡೆದವರು. ಆಡುವುದು ನಿಂತ ಮೇಲೆ ತರಬೇತುದಾರರಾದರು. 2019ರ ಪ್ರೊ ಕಬಡ್ಡಿ ಫೈನಲ್ ಹೊತ್ತಿಗೆ ಅವರ ಬೆಂಗಾಲ್ ವಾರಿಯರ್ಸ್ ತಂಡದ ನಾಯಕ ಮಣಿಂದರ್ ಸಿಂಗ್ ಗಾಯಗೊಂಡು ಹೊರಗುಳಿದಿದ್ದರು. ದಬಂಗ್ ಡೆಲ್ಲಿ ಆರಂಭದಲ್ಲೇ ಮುನ್ನಡೆ ಗಳಿಸಿತು. ಅಂಚಿನಲ್ಲಿರುವ ತರಬೇತುದಾರ ತಾನೇ ಇಳಿದು ರೈಡ್ ಮಾಡುವಂತಿಲ್ಲ; ಕಲಿಸಿದ್ದೇ ಕೈ ಹಿಡಿಯಬೇಕು. ಹಿಡಿಯಿತು. ವಾರಿಯರ್ಸ್ 39-34ರಿಂದ ಗೆದ್ದಿತು. 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಮೊದಲ ಬಾರಿ ಚಾಂಪಿಯನ್ ಆದಾಗಲೂ ತರಬೇತುದಾರರು ಅವರೇ.

ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎಂದೇನಿಲ್ಲ. ಆಟಗಾರನಿಗೆ ತನ್ನ ಮೈ ಗೊತ್ತಿದ್ದರೆ ನಡೆದೀತು. ತರಬೇತುದಾರನಿಗೆ ಏಳೂ ಜನರ ಮೈ-ಮನಸ್ಸು ತಿಳಿದಿರಬೇಕು. ಹಾಗಾಗಿ ಇದೂ ಓದಿ ಕಲಿಯಬೇಕಾದ ವಿದ್ಯೆ. 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರಾಗುವವರಿಗೆ ಡಿಪ್ಲೊಮಾ ಕೊಡುತ್ತದೆ. ಅಲ್ಲಿ ಸೇರಲು ಆಟದ ಸಾಧನೆಯ ಜೊತೆಗೆ ಸಾಮಾನ್ಯವಾಗಿ ಪದವಿಯೂ ಬೇಕು.

ಆದ್ದರಿಂದ ಮಕ್ಕಳೇ, ಆಟದ ಹುಮ್ಮಸ್ಸಿನಲ್ಲಿ ಕಾಲೇಜು ಬಿಡಬೇಡಿ. ಹೆತ್ತವರೇ, ಪರೀಕ್ಷೆಯ ಹೆಸರಿನಲ್ಲಿ ಆಟ ಬಿಡಿಸಬೇಡಿ. ಮುಂದೊಂದು ದಿನ ನಿಮ್ಮೂರಿನ ಅದೇ ಮೈದಾನಕ್ಕೆ ಒಬ್ಬ ಒಳ್ಳೆಯ ಗುರು ಬೇಕಾಗುತ್ತಾರೆ.