ಹರೆಯಕ್ಕೊಂದು ಸೇವಾ ಸಂಚಾರ

ಮದುವೆಯ ಮನೆಯಲ್ಲಾಗಲಿ, ಮಠದ ಜಗುಲಿಯಲ್ಲಾಗಲಿ, ನಾಲ್ವರು ಹಿರಿಯರು ಸೇರಿದೆಡೆ ಇಂದು ಒಂದು ಮಾತು ತಪ್ಪದೆ ಬರುತ್ತದೆ. ಮಗ ಪಿ.ಯು.ಸಿ.ಯಲ್ಲಿ ಎರಡು ಬಾರಿ ನಪಾಸಾದ; ಹೊಲದ ಕಡೆ ತಲೆ ಹಾಕುವುದಿಲ್ಲ; ರಾತ್ರಿ ಹನ್ನೊಂದಾದರೂ ಮನೆ ಸೇರುವುದಿಲ್ಲ; ಮೊಬೈಲಿನಲ್ಲಿ ಕ್ರಿಕೆಟ್ ಜೂಜಿಗೆ ಹಣ ಕಟ್ಟುತ್ತಾನೆ; ಗೆಳೆಯರ ಗುಂಪು ಸರಿಯಿಲ್ಲ. ತಂದೆಯಾದವರು ದನಿ ತಗ್ಗಿಸಿ ಇಷ್ಟನ್ನಾದರೂ ಹೇಳಿಕೊಳ್ಳುತ್ತಾರೆ. ತಾಯಂದಿರು ಅದನ್ನೂ ಹೇಳಲಾರದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಇದಕ್ಕೆ ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಪರಿಹಾರಗಳು ನಾಲ್ಕೈದು ಮಾತ್ರ. ಬೈದು ನೋಡುವುದು, ಬೆಂಗಳೂರಿನಲ್ಲಿರುವ ಸೋದರಮಾವನ ಮನೆಗೆ ಅಟ್ಟುವುದು, ಬೇಗನೆ ಒಂದು ಹೆಣ್ಣು ನೋಡಿ ಕೊರಳಿಗೆ ಗಂಟು ಹಾಕುವುದು. ಕಡೆಯದಂತೂ ಇನ್ನೊಂದು ಮನೆಯ ಮಗಳನ್ನು ಔಷಧಿಯ ಗುಳಿಗೆಯಂತೆ ಬಳಸುವ ಅನ್ಯಾಯವಾದ್ದರಿಂದ ಅದರ ಮಾತೇ ಬೇಡ. ಯಾವುದೂ ಕೈಗೂಡದಿದ್ದರೆ, ಪರಿಚಯದ ಪೊಲೀಸರೊಬ್ಬರಿಗೆ ಹೇಳಿ ಠಾಣೆಗೆ ಕರೆಸಿ ಹೆದರಿಸುವುದೂ ಉಂಟು. ಅಮೆರಿಕದ ನ್ಯೂಜೆರ್ಸಿ ಪ್ರಾಂತದ ರಾಹ್ವೇ ಕಾರಾಗೃಹದಲ್ಲಿ 1970ರ ದಶಕದಲ್ಲಿ ಇದೇ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದರು. ದಾರಿ ತಪ್ಪುತ್ತಿದ್ದ ಬಾಲಕರನ್ನು ಜೈಲಿನೊಳಗೆ ಕರೆದೊಯ್ದು, ದೀರ್ಘಾವಧಿ ಶಿಕ್ಷೆಯ ಕೈದಿಗಳಿಂದಲೇ ಅಬ್ಬರಿಸಿ ಹೆದರಿಸುವ ಕ್ರಮವದು. ಅದು ಹಲವು ಕಡೆಗೆ ಹಬ್ಬಿತು. ಅನಂತರ ವಿದ್ವಾಂಸರು ಕ್ರಮಬದ್ಧವಾಗಿ ಪರೀಕ್ಷಿಸಿದಾಗ, ಹಾಗೆ ಹೆದರಿಸಲ್ಪಟ್ಟ ಮಕ್ಕಳು ಹೆದರಿಸದೆ ಬಿಟ್ಟ ಮಕ್ಕಳಿಗಿಂತ ಹೆಚ್ಚಾಗಿಯೇ ಅಪರಾಧಗಳಿಗೆ ಇಳಿದಿದ್ದರೆಂಬುದು ತಿಳಿದುಬಂತು. ಭಯವು ಹರೆಯವನ್ನು ತಿದ್ದುವುದಿಲ್ಲ.

ಹಾಗಾದರೆ ತಿದ್ದುವುದು ಯಾವುದು? ಈ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಜೀವನವನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದಲ್ಲಿ ನಮ್ಮ ಉದ್ದೇಶ. ಭಾಯೀಜಿ ಎಂದು ದೇಶದ ತುಂಬ ಹೆಸರಾಗಿದ್ದ ಎಸ್.ಎನ್. ಸುಬ್ಬರಾವ್ ಅವರು 1929ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದವರು. 1942ರ ಚಳವಳಿಯಲ್ಲಿ ಗೋಡೆಯ ಮೇಲೆ ಘೋಷಣೆ ಬರೆಯುತ್ತಿದ್ದಾಗ ಪೊಲೀಸರ ಕೈಗೆ ಸಿಕ್ಕಿಬಿದ್ದಾಗ ಅವರಿಗೆ ಹದಿಮೂರು ವರ್ಷ. ಆ ದಿನದ ಸರಕಾರದ ಕಣ್ಣಿಗೆ ಅವರೂ ಕೈಮೀರಿದ ಹುಡುಗನೇ! ಮುಂದೆ ಅವರು ಸೇವಾದಳವನ್ನು ಸೇರಿದರು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯನ್ನು ಕಾರ್ಯಕ್ಷೇತ್ರ ಮಾಡಿಕೊಂಡ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಸಂಸ್ಥೆಯದು. ಸಾಲಾಗಿ ನಿಲ್ಲುವುದು, ಹಾಡುತ್ತ ನಡೆಯುವುದು, ಗುದ್ದಲಿ ಹಿಡಿಯುವುದು ಈ ಮೂರನ್ನೂ ದೇಶಸೇವೆಯ ಪಾಠವಾಗಿ ಕಲಿಸಿದ ಪಾಠಶಾಲೆ. ಸುಬ್ಬರಾಯರು ಆ ಪಾಠವನ್ನು ತಮ್ಮ ಖಾಕಿ ಚಡ್ಡಿ ಮತ್ತು ಬಿಳಿ ಖಾದಿ ಅಂಗಿಯೊಡನೆ ಕಡೆಯವರೆಗೂ ಉಳಿಸಿಕೊಂಡರು.

ಗಾಂಧೀಜಿಯವರ ಶತಾಬ್ದಿಯ ಅಂಗವಾಗಿ ದೇಶವನ್ನು ಸುತ್ತಿದ ‘ಗಾಂಧಿ ದರ್ಶನ’ ರೈಲಿನ ಹೊಣೆಯನ್ನು ಹೊತ್ತ ಮೇಲೆ, 1970ರಲ್ಲಿ ಅವರು ಮಧ್ಯಪ್ರದೇಶದ ಮೊರೆನಾ ಜಿಲ್ಲೆಯ ಜೌರಾ ಎಂಬಲ್ಲಿ ಮಹಾತ್ಮಾ ಗಾಂಧಿ ಸೇವಾಶ್ರಮವನ್ನು ಆರಂಭಿಸಿದರು. ಅದು ಚಂಬಲ್ ಕಣಿವೆಯ ನಾಡು. ಮಳೆಯ ನೀರು ನೂರಾರು ವರ್ಷಗಳಿಂದ ಮಣ್ಣನ್ನು ಕೊರೆದು ಮಾಡಿದ ಕಂದರಗಳ ಜಾಲದಲ್ಲಿ ಅಡಗಿದವನನ್ನು ಹುಡುಕುವುದು ಪೊಲೀಸರಿಗೂ ದುಸ್ಸಾಧ್ಯ. ಅಲ್ಲಿ ಡಕಾಯಿತನಾಗುವ ಬಗೆಯನ್ನು ನಾವು ಸ್ವಲ್ಪ ನಿಧಾನಿಸಿ ನೋಡಬೇಕು. ಹೊಲದ ಬದುವಿಗಾಗಿ ಜಗಳ. ಜಗಳದಲ್ಲಿ ಅಣ್ಣನೋ ಅಪ್ಪನೋ ಸತ್ತ. ನ್ಯಾಯ ಸಿಗಲಿಲ್ಲವೆಂದು ಇಪ್ಪತ್ತು ವರ್ಷದ ತರುಣ ಎದುರಾಳಿಯನ್ನು ಕೊಂದು ಕಂದರಕ್ಕೆ ಇಳಿದ. ಮತ್ತೆ ಊರಿಗೆ ಹಿಂದಿರುಗುವ ದಾರಿ ಮುಚ್ಚಿತು. ಅವರು ತಮ್ಮನ್ನು ಡಕಾಯಿತರೆಂದು ಕರೆದುಕೊಳ್ಳುತ್ತಿರಲಿಲ್ಲ. ‘ಬಾಗಿ’ ಎಂದರೆ ಬಂಡಾಯಗಾರ ಎಂದು ಕರೆದುಕೊಳ್ಳುತ್ತಿದ್ದರು. ಹಿಂದಿರುಗುವ ದಾರಿ ಇಲ್ಲದವನು ಮಾತ್ರ ಬಾಗಿಯಾಗಿಯೇ ಉಳಿಯುತ್ತಾನೆಂಬುದು ಇಲ್ಲಿ ತಿಳಿಯಬೇಕಾದ ಸಂಗತಿ.

ಆಶ್ರಮವನ್ನು ಕಟ್ಟುವುದಕ್ಕೂ ಮುಂಚಿನಿಂದ ಸುಬ್ಬರಾಯರು ಆ ಭಾಗದಲ್ಲಿ ಯುವಜನ ಶಿಬಿರಗಳನ್ನು ನಡೆಸುತ್ತಿದ್ದರು. ಬೇರೆಬೇರೆ ರಾಜ್ಯಗಳ ತರುಣರು ರೈಲು ಹತ್ತಿ ಬಂದು, ಹೆಸರು ಕೇಳಿದರೆ ಜನ ನಡುಗುತ್ತಿದ್ದ ಹಳ್ಳಿಗಳಲ್ಲಿ ಮಣ್ಣು ಹೊತ್ತರು, ರಸ್ತೆ ಮಾಡಿದರು, ಸಂಜೆ ಸರ್ವಧರ್ಮ ಪ್ರಾರ್ಥನೆ ಮಾಡಿದರು. ದೂರದೂರಿನ ಹುಡುಗರು ಸಂಬಳವಿಲ್ಲದೆ ತಮ್ಮ ಊರಿನ ಮಣ್ಣನ್ನು ಹೊರುತ್ತಿದ್ದುದನ್ನು ಆ ಹಳ್ಳಿಗರು ನೋಡಿದರು. 1960ರಲ್ಲಿ ವಿನೋಬಾ ಭಾವೆಯವರು ಇದೇ ಕಣಿವೆಯಲ್ಲಿ ಕಾಲ್ನಡಿಗೆಯಲ್ಲಿ ಸಂಚರಿಸಿದಾಗ ಸುಮಾರು ಇಪ್ಪತ್ತು ಮಂದಿ ಶರಣಾಗತರಾಗಿದ್ದರು. ಆ ಬೀಜ ಹನ್ನೆರಡು ವರ್ಷಗಳ ಮೇಲೆ ಫಲ ಕೊಟ್ಟಿತು. 1972ರ ಏಪ್ರಿಲ್ 14ರಂದು ಜೌರಾದಲ್ಲಿ, ಜಯಪ್ರಕಾಶ ನಾರಾಯಣ ಮತ್ತು ಪ್ರಭಾವತಿ ದೇವಿಯವರ ಸಮಕ್ಷಮದಲ್ಲಿ, ಮೋಹರ್ ಸಿಂಗ್, ಮಾಧೋ ಸಿಂಗ್ ಮೊದಲಾದವರು ಗಾಂಧೀಜಿಯವರ ಭಾವಚಿತ್ರದ ಮುಂದೆ ಬಂದೂಕುಗಳನ್ನಿಟ್ಟು ಕೈಮುಗಿದರು. ಮುಂದೆ ಅವರಲ್ಲಿ ಅನೇಕರನ್ನು ಮುಂಗಾವಲಿಯ ಬಯಲು ಬಂದೀಖಾನೆಯಲ್ಲಿಟ್ಟು ಬೇಸಾಯಕ್ಕೆ ಹಚ್ಚಲಾಯಿತು. ಇದರಿಂದ ಕಣಿವೆಯಲ್ಲಿ ಡಕಾಯಿತಿ ಪೂರ್ಣವಾಗಿ ನಿಂತಿತೆಂದು ನಾವು ಹೇಳಲಾರೆವು. ಮಲ್ಖಾನ್ ಸಿಂಗ್, ಫೂಲನ್ ದೇವಿಯರ ಶರಣಾಗತಿ ನಡೆದದ್ದು 1982-83ರಲ್ಲಿ. ಆದರೂ ನೂರಾರು ಮನುಷ್ಯರಿಗೆ ಹಿಂದಿರುಗುವ ದಾರಿ ತೆರೆಯಿತೆಂಬುದು ಸಣ್ಣ ಮಾತಲ್ಲ.

ಸುಬ್ಬರಾಯರ ರಾಷ್ಟ್ರೀಯ ಯುವ ಯೋಜನೆಯ ಶಿಬಿರಗಳಲ್ಲಿ ಎರಡು ಪದ್ಧತಿಗಳು ನಮ್ಮ ಗಮನವನ್ನು ಸೆಳೆಯುತ್ತವೆ. ಮೊದಲನೆಯದು ದಿನಚರಿ. ದಿನದಲ್ಲಿ ಒಂದು ಗಂಟೆ ದೇಹಕ್ಕೆ, ಒಂದು ಗಂಟೆ ದೇಶಕ್ಕೆ ಎಂಬುದು ಅವರು ಹೋದಲ್ಲೆಲ್ಲ ಹೇಳುತ್ತಿದ್ದ ಮಾತು. ವ್ಯಾಯಾಮದ ಬೆನ್ನಿಗೆ ಶ್ರಮದಾನ. ಎರಡನೆಯದು ಅತಿಥ್ಯ. ಮಕ್ಕಳ ಮೇಳಗಳಿಗೆ ಬಂದ ಬೇರೆ ರಾಜ್ಯದ ಮಕ್ಕಳನ್ನು ಸಭಾಭವನದಲ್ಲಿ ಚಾಪೆ ಹಾಸಿ ಮಲಗಿಸದೆ ಊರಿನವರ ಮನೆಗಳಿಗೆ ಹಂಚುವರು. ಭಾಷೆ ಬೇರೆ, ಊಟ ಬೇರೆ, ಎಷ್ಟೋ ಬಾರಿ ಮತವೂ ಬೇರೆ. 1992ರ ಡಿಸೆಂಬರಿನ ಬಳಿಕ ದೇಶ ಕೋಮುಗಲಭೆಗಳಿಂದ ಬೆಂದಿದ್ದಾಗ, 1993ರಲ್ಲಿ ಅವರು ‘ಸದ್ಭಾವನಾ ರೈಲು ಯಾತ್ರೆ’ಯನ್ನು ಹೊರಡಿಸಿದರು. ಹಲವು ರಾಜ್ಯಗಳ ತರುಣ ತರುಣಿಯರು ಒಂದೇ ರೈಲಿನಲ್ಲಿ ವಾಸಿಸುತ್ತ, ಊರೂರಿನಲ್ಲಿ ಇಳಿದು ಸೈಕಲ್ಲಿನ ಮೇಲೆ ಬೀದಿಗಳಲ್ಲಿ ಸಾಗಿ, ಹಾಡಿ, ಪ್ರಾರ್ಥಿಸಿ ಮುಂದಿನ ಊರಿಗೆ ಹೊರಡುತ್ತಿದ್ದರು. 2021ರ ಅಕ್ಟೋಬರಿನಲ್ಲಿ ನಿಧನರಾದಾಗ ಅವರ ಅಂತ್ಯಕ್ರಿಯೆ ನಡೆದದ್ದೂ ಆ ಜೌರಾದ ನೆಲದಲ್ಲಿಯೇ.

ಶರಣ ಧರ್ಮದವರಾದ ನಮಗೆ ಇದು ಹೊರಗಿನ ವಿಚಾರವೆನಿಸಬಾರದು. ಚಲಿಸುವುದನ್ನು ಜಂಗಮವೆಂದು ಪೂಜಿಸಿದ ಪರಂಪರೆ ನಮ್ಮದು. ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದ ಕಥೆಯನ್ನು ನಮ್ಮ ಮಕ್ಕಳು ಬಲ್ಲರು. ಆದರೆ ಕನ್ನದ ಮಾರಿತಂದೆಯವರ ಹೆಸರನ್ನು ಎಷ್ಟು ಮಕ್ಕಳು ಕೇಳಿದ್ದಾರೆ? ಕನ್ನ ಕೊರೆದು ಕಳವು ಮಾಡುವುದು ಅವರ ಮೊದಲಿನ ಬಾಳುವೆಯಾಗಿತ್ತೆಂದು ಪರಂಪರೆ ಹೇಳುತ್ತದೆ. ಕಲ್ಯಾಣದ ಶರಣ ಬಳಗ ಅವರನ್ನು ಪ್ರತ್ಯೇಕವಾಗಿ ಕೂಡಿಸಲಿಲ್ಲ. ಹೆಸರಿಗಂಟಿದ ‘ಕನ್ನ’ವನ್ನು ಮರೆಮಾಚಲೂ ಇಲ್ಲ. ಅಂಬಿಗ, ಮಡಿವಾಳ, ಗಾಣಿಗರ ಸಾಲಿನಲ್ಲಿಯೇ ಅವರೂ ಕುಳಿತರು, ವಚನ ರಚಿಸಿದರು. ಆ ವಚನಗಳಲ್ಲಿ ಹಳೆಯ ಕಸುಬಿನ ಮಾತೇ ಅನುಭಾವದ ಮಾತಾಗಿ ಬಂದಿದೆ.

‘ಅದೇ ಸಾಲಿನಲ್ಲಿ’ ಎಂಬ ಮಾತನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಎರಡು ಪಟ್ಟಣಗಳಲ್ಲಿ 1939ರಲ್ಲಿ ಒಂದು ಸತ್ಕಾರ್ಯ ಆರಂಭವಾಯಿತು. 506 ಹುಡುಗರನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಮಂದಿಗೆ ಹಿತಚಿಂತಕರ ಭೇಟಿ, ಪಾಠ, ವೈದ್ಯೋಪಚಾರ, ಬೇಸಿಗೆ ಶಿಬಿರ ಎಲ್ಲವನ್ನೂ ಒದಗಿಸಿದರು. ಉಳಿದರ್ಧಕ್ಕೆ ಏನನ್ನೂ ಕೊಡಲಿಲ್ಲ. ಮೂವತ್ತು ವರ್ಷಗಳ ಬಳಿಕ ಜೋನ್ ಮೆಕಾರ್ಡ್ ಎಂಬ ವಿದುಷಿ ಅವರನ್ನೆಲ್ಲ ಹುಡುಕಿ ಪರಿಶೀಲಿಸಿ 1978ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೆರವು ಪಡೆದವರ ಬಾಳೇ ಹಲವು ವಿಷಯಗಳಲ್ಲಿ ಹೆಚ್ಚು ಕೆಟ್ಟಿತ್ತು. ಇನ್ನೂ ಆಳಕ್ಕೆ ಹೋಗಿ ನೋಡಿದಾಗ, ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹೋದವರಲ್ಲಿಯೇ ಈ ಕೇಡು ಎದ್ದು ಕಾಣುತ್ತಿತ್ತು. ತುಂಟರೆಲ್ಲ ಒಂದೆಡೆ ಸೇರಿದಾಗ ಒಬ್ಬರಿಗೊಬ್ಬರು ಗುರುಗಳಾಗುತ್ತಾರೆ. ಯಾರು ಹೆಚ್ಚು ಪುಂಡತನ ಮಾಡಿದನೆಂಬುದೇ ಅಲ್ಲಿ ಹಿರಿಮೆಯಾಗುತ್ತದೆ. ವಿದ್ವಾಂಸರು ಇದಕ್ಕೆ ಕೊಡುವ ವಿವರಣೆ ಇದೇ.

ಆದುದರಿಂದ ‘ದಾರಿ ತಪ್ಪಿದ ಯುವಕರಿಗಾಗಿ ವಿಶೇಷ ಪ್ರವಾಸ’ ಎಂದು ಫಲಕ ಕಟ್ಟಿ ಬಸ್ಸು ತುಂಬಿಸುವ ಉತ್ಸಾಹಿಗಳನ್ನು ನಾವು ಕೈಮುಗಿದು ತಡೆಯುತ್ತೇವೆ. ಹತ್ತು ಹನ್ನೆರಡು ಮಂದಿಯ ತಂಡದಲ್ಲಿ ಅಂಥವನು ಒಬ್ಬನೋ ಇಬ್ಬರೋ ಇರಲಿ. ಅವನು ಯಾರೆಂಬುದು ತಂಡದ ನಾಯಕರಿಗಲ್ಲದೆ ಬೇರೆಯವರಿಗೆ ತಿಳಿಯುವ ಅಗತ್ಯವಿಲ್ಲ. ಅವನಿಗೆ ಬರಿಯ ಬುಟ್ಟಿ ಹೊರುವ ಕೆಲಸ ಕೊಟ್ಟರೆ ಸಾಲದು, ಹೊಣೆಯನ್ನು ಕೊಡಬೇಕು. ಉಗ್ರಾಣದ ಕೀಲಿಕೈ, ದಿನದ ಖರ್ಚಿನ ಲೆಕ್ಕದ ಪುಸ್ತಕ, ಐವತ್ತು ಜನರ ಅಡುಗೆಯ ಜವಾಬ್ದಾರಿ ಇಂಥದೊಂದು ಅವನ ಕೈಯಲ್ಲಿರಲಿ. ಹಣವನ್ನು ಜೂಜಾಡಿದವನ ಕೈಗೆ ಲೆಕ್ಕವೇ ಎಂದು ಹಿರಿಯರು ಹುಬ್ಬೇರಿಸಬಹುದು. ಲೆಕ್ಕವನ್ನು ಪ್ರತಿ ರಾತ್ರಿ ನೋಡುವವರು ಇದ್ದರಾಯಿತು. ಆದರೆ ಅವನಿಂದ ಕಿತ್ತುಕೊಳ್ಳಬಾರದು. ಮಾಡುವ ಕೆಲಸವೂ ನಿಜವಾದ ಕೆಲಸವಾಗಿರಬೇಕು: ಮಾಡದೆ ಬಿಟ್ಟರೆ ಯಾರಾದರೊಬ್ಬರಿಗೆ ತೊಂದರೆಯಾಗುವಂಥದು. ಮಳೆಗೆ ಮುನ್ನ ಕಾಲುವೆಯ ಹೂಳು ತೆಗೆಯುವುದು, ನೆರೆಯಲ್ಲಿ ಕೆಸರು ತುಂಬಿದ ಶಾಲೆಯನ್ನು ತೊಳೆಯುವುದು ನಿಜವಾದ ಕೆಲಸ. ಮೊದಲೇ ಗುಡಿಸಿದ ಅಂಗಳವನ್ನು ಛಾಯಾಚಿತ್ರಕ್ಕಾಗಿ ಮತ್ತೆ ಗುಡಿಸುವುದು ಕೆಲಸವಲ್ಲ. ಹುಡುಗರಿಗೆ ಅದು ಮೊದಲ ದಿನವೇ ತಿಳಿದುಬಿಡುತ್ತದೆ.

ಹೆಣ್ಣುಮಕ್ಕಳನ್ನು ಇದರಿಂದ ಹೊರಗಿಡಬಾರದು. ಶಾಲೆ ಬಿಟ್ಟು ಮನೆಯಲ್ಲಿ ಕುಳಿತ ಹದಿನೇಳರ ಹುಡುಗಿ ರಾತ್ರಿ ಊರು ಅಲೆಯುವುದಿಲ್ಲವೆಂಬ ಕಾರಣಕ್ಕೆ ಅವಳ ಬಾಳಿಗೆ ಅಪಾಯವಿಲ್ಲವೆಂದು ನಾವು ತಿಳಿದಿದ್ದೇವೆ, ಅಷ್ಟೆ.

ಕಾಲೇಜಿನಲ್ಲಿರುವವರಿಗೆ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಇದೆ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ ಅದರ ಕ್ರಮ. ಆದರೆ ನಾವು ಯಾರ ಮಾತನ್ನು ಆಡುತ್ತಿದ್ದೇವೆಯೋ ಅವನು ಕಾಲೇಜನ್ನೇ ಬಿಟ್ಟವನು. ಅಂಥ ಗ್ರಾಮೀಣ ಯುವಕರಿಗಾಗಿ 1972ರಲ್ಲಿ ನೆಹರು ಯುವ ಕೇಂದ್ರಗಳು ಹುಟ್ಟಿದವು. 2023ರ ಅಕ್ಟೋಬರ್ 31ರಂದು ಕೇಂದ್ರ ಸರಕಾರ ‘ಮೇರಾ ಯುವ ಭಾರತ್’ ಎಂಬ ವ್ಯವಸ್ಥೆಯನ್ನು ಆರಂಭಿಸಿದೆ. ಇವು ಹುಡುಗನ ಮನೆಯ ಬಾಗಿಲಿಗೆ ತಾವಾಗಿ ಬರುವುದಿಲ್ಲ. ಕೈಹಿಡಿದು ಕರೆದೊಯ್ಯುವವರು ಬೇಕು.

ಕಾನೂನಿನ ಕೈಗೆ ಈಗಾಗಲೇ ಸಿಕ್ಕ ಮಕ್ಕಳ ವಿಷಯದಲ್ಲಿ ನಮ್ಮ ಮಠಗಳು ಮಾಡಬಹುದಾದುದು ಇನ್ನೂ ಹೆಚ್ಚಿನದು. 2015ರ ಬಾಲನ್ಯಾಯ ಕಾಯ್ದೆಯ 18ನೆಯ ಸೆಕ್ಷನ್ನಿನಂತೆ, ತಪ್ಪು ಮಾಡಿದ ಮಗುವಿಗೆ ಸಮುದಾಯ ಸೇವೆಯನ್ನು ಮಾಡುವಂತೆ ಬಾಲನ್ಯಾಯ ಮಂಡಳಿ ಆದೇಶಿಸಬಹುದು. ಆ ಸೇವೆ ಮಂಡಳಿ ಗುರುತಿಸಿದ ಸಂಸ್ಥೆಯ ಅಥವಾ ವ್ಯಕ್ತಿಗಳ ಮೇಲ್ವಿಚಾರಣೆಯಲ್ಲಿ ನಡೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೂ ವಯಸ್ಕರಿಗೂ ಸಮುದಾಯ ಸೇವೆಯನ್ನು ಒಂದು ಶಿಕ್ಷೆಯಾಗಿ ಒಪ್ಪಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದು, ಅದನ್ನು ಹಿಂದಿರುಗಿಸಿದವನಿಗೆ ಸೆರೆವಾಸದ ಬದಲು ಇದೇ ಶಿಕ್ಷೆ. ಹೀಗಿರುವಾಗ ನಿತ್ಯ ದಾಸೋಹ ನಡೆಸುವ, ಗೋಶಾಲೆಯನ್ನೋ ವಿದ್ಯಾರ್ಥಿ ನಿಲಯವನ್ನೋ ಹೊಂದಿರುವ ಮಠಗಳು ‘ಇಂಥ ಒಬ್ಬಿಬ್ಬರನ್ನು ನಮ್ಮಲ್ಲಿಗೆ ಕಳುಹಿಸಿರಿ’ ಎಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಏಕೆ ಬರೆದುಕೊಡಬಾರದು? ಆದೇಶದ ಅವಧಿ ಮುಗಿದ ಮೇಲೂ ಆ ಹುಡುಗ ವಾರಕ್ಕೊಮ್ಮೆ ಬರುವಂತೆ, ಬಂದಾಗ ಅವನಿಗಾಗಿ ಒಂದು ಗೊತ್ತಾದ ಕೆಲಸ ಕಾದಿರುವಂತೆ ನೋಡಿಕೊಳ್ಳುವುದು ಶಿಬಿರಕ್ಕಿಂತ ಮುಖ್ಯ. ಏಳು ದಿನ ದೂರದೂರಿನಲ್ಲಿ ಬದಲಾದವನು ಎಂಟನೆಯ ದಿನ ಹಿಂದಿರುಗುವುದು ಅದೇ ಕಟ್ಟೆಗೆ, ಅದೇ ಗೆಳೆಯರ ನಡುವಿಗೆ.

ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪತ್ರಿಕೆಯಲ್ಲಿ ಪ್ರಕಟಿಸುವುದನ್ನು ಅದೇ ಕಾಯ್ದೆಯ 74ನೆಯ ಸೆಕ್ಷನ್ನು ನಿಷೇಧಿಸುತ್ತದೆ. ಮುಂದೆ ಬರುವ ಮಠಗಳು ಇದನ್ನು ನೆನಪಿನಲ್ಲಿಡಬೇಕು. ಸನ್ಮಾನ ಸಮಾರಂಭವಿಲ್ಲ, ಗೋಡೆಯ ಮೇಲೆ ಭಾವಚಿತ್ರವಿಲ್ಲ. ನಮ್ಮ ಈ ಪತ್ರಿಕೆಗೂ ಅವನ ವರದಿಯನ್ನು ಕಳುಹಿಸುವಂತಿಲ್ಲ.